ಯಾರೂ ಸಾಯದೆ ಮಗ್ಗ ನಿಂತ ದಿನ

ಬನಹಟ್ಟಿಯ ನಮ್ಮ ಓಣಿಯಲ್ಲಿ ಹಬ್ಬ, ಅಮಾವಾಸ್ಯೆ ಬಿಟ್ಟರೆ ಮಗ್ಗಗಳು ನಿಲ್ಲುವುದು ಎರಡೇ ಕಾರಣಕ್ಕೆ. ಒಂದು, ಕರೆಂಟು ಹೋದಾಗ. ಇನ್ನೊಂದು, ಯಾರಾದರೂ ಸತ್ತಾಗ. ಕರೆಂಟು ಹೋದರೆ ಇಡೀ ಓಣಿ ಒಂದೇ ಏಟಿಗೆ ಸುಮ್ಮನಾಗುತ್ತದೆ. ಸಾವಾದರೆ ಹಾಗಲ್ಲ. ಸತ್ತವರ ಮನೆಯ ಮಗ್ಗ ಮೊದಲು ನಿಲ್ಲುತ್ತದೆ, ಅದನ್ನು ಕೇಳಿ ಪಕ್ಕದ ಮನೆಯದು, ಅದನ್ನು ಕೇಳಿ ಅದರಾಚೆಯದು. ಹೆಣ ಓಣಿ ದಾಟುವವರೆಗೆ ಯಾರೂ ಸ್ವಿಚ್ಚು ಮುಟ್ಟುವುದಿಲ್ಲ. ಹೀಗಾಗಿ ಯಾರೂ ಬಂದು ಹೇಳುವ ಮೊದಲೇ ಸುದ್ದಿ ಎಲ್ಲರಿಗೂ ಮುಟ್ಟಿರುತ್ತದೆ. ನಾನು ಬೀಳಗಿಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಮೊದಲು ಕಲಿಸಿದ್ದೇ ಇದನ್ನು. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ತೋರಿಸಿದ್ದು ಆಮೇಲೆ.

ನನ್ನ ಅರೆತಲೆನೋವು ಮದುವೆಯ ಜೊತೆ ಬಂದದ್ದಲ್ಲ, ತವರಿನಿಂದಲೇ ಕಟ್ಟಿಕೊಂಡು ಬಂದದ್ದು. ಬೀಳಗಿಯಲ್ಲಿ ಅದು ಬಂದಾಗ ಅವ್ವ ಜೋಳದ ಚೀಲ ಇಡುವ ಕೋಣೆಯಲ್ಲಿ ಚಾಪೆ ಹಾಸಿ, ಬಾಗಿಲು ಮುಂದೆ ಮಾಡಿ, ಓಣಿಯ ನಾಯಿ ಬೊಗಳಿದರೆ ಅದರ ಮೇಲೂ ಹರಿಹಾಯುತ್ತಿದ್ದಳು. ಹಿನ್ನೀರಿನ ಕಡೆಯಿಂದ ಬರುವ ಗಾಳಿ ಬಿಟ್ಟರೆ ಅಲ್ಲಿ ಬೇರೆ ಸದ್ದಿರಲಿಲ್ಲ. ಬನಹಟ್ಟಿಯ ಮನೆಯಲ್ಲಿ ಪಡಸಾಲೆಯ ತುಂಬ ಪವರ್‌ಲೂಮು. ಅವು ಹೊರಟವೆಂದರೆ ಅಡುಗೆಮನೆಯ ಹಲಗೆಯ ಮೇಲಿನ ತಾಟುಗಳೂ ಕುಣಿಯುತ್ತವೆ. ಆ ಸದ್ದಿನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ರೊಟ್ಟಿ ಬರುವುದೇ ಅದರಿಂದ. ಚಲೋ ಇದ್ದ ದಿನ ನನಗೆ ಅದು ಕೇಳಿಸುವುದೂ ಇಲ್ಲ.

ಮನೆಯಲ್ಲಿ ನನ್ನ ಪಾಲಿನ ಕೆಲಸ ಕೆಚ್ಚುವುದು. ಮಗ್ಗದ ಮೇಲಿನ ಹಾಸಿನ ನೂಲು, ಅಂದರೆ ಉದ್ದೆಳೆ, ಮುಗಿಯುತ್ತ ಬಂದಾಗ ನೂಲು ಸುತ್ತಿದ ಹೊಸ ಉರುಳೆ, ನಮ್ಮ ಮಾತಿನಲ್ಲಿ ಬೀಮು, ಏರಿಸಿ, ಹಳೆಯ ಒಂದೊಂದು ಎಳೆಗೂ ಹೊಸ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸಬೇಕು. ಸಾವಿರಗಟ್ಟಲೆ ಎಳೆ. ಒಂದು ಅದಲುಬದಲಾದರೆ ಆ ತಪ್ಪು ಸೀರೆಯ ಉದ್ದಕ್ಕೂ ಓಡುತ್ತದೆ. ಸೊಸೆಯ ಬೆರಳು ಚುರುಕು ಎಂದು ಅತ್ತೆ ನಾಲ್ಕು ಮಂದಿಯ ಎದುರು ಹೇಳುತ್ತಿದ್ದರು, ನನ್ನ ಎದುರು ಮಾತ್ರ ಹೇಳುತ್ತಿರಲಿಲ್ಲ. ಹಾಗೆ ಕೂತು ಕೆಚ್ಚುವಾಗಲೇ ನನ್ನ ಎಡಗಣ್ಣಿನ ಅಂಚಿಗೆ ಸೆರಗಿನ ತೆನೆಯಂಥ ಹಲ್ಲುಹಲ್ಲಿನ ಬೆಳಕು ಏಳುತ್ತಿತ್ತು. ಅದು ಹಿಗ್ಗಿದಂತೆ ಎದುರಿನ ಎಳೆಗಳಲ್ಲಿ ಅರ್ಧ ಮಾಯ. ಆಮೇಲೆ ಹಣೆಯ ಒಂದೇ ಬದಿಗೆ ಏಟು ಶುರುವಾಗುತ್ತಿತ್ತು, ಮಗ್ಗದ ಏಟಿಗೆ ಸರಿಯಾಗಿ. ಆಮೇಲೆ ವಾಂತಿ. ನೂಲಿಗೆ ಹಾಕಿದ ಗಂಜಿಯ ವಾಸನೆ, ಒಗ್ಗರಣೆಯ ವಾಸನೆ, ಗಂಡ ತಲೆಗೆ ಹಚ್ಚಿಕೊಂಡ ಎಣ್ಣೆಯ ವಾಸನೆ, ಎಲ್ಲವೂ ನನ್ನನ್ನು ಕೊಲ್ಲಲಿಕ್ಕೇ ಬಂದಂತೆ ಇರುತ್ತಿತ್ತು.

ಕೆಲಸ ಹೆಚ್ಚಿದ್ದ ದಿನವೇ ಇದು ಬರುತ್ತದೆ ಎಂಬುದನ್ನು ಅತ್ತೆ ಬೇಗ ಕಂಡುಹಿಡಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗೋಡೆಗೆ ಹೇಳಿದಂತೆ ಹೇಳಿ ಒಳಗೆ ಹೋಗುತ್ತಿದ್ದರು. ಕೆಲಸ ಹೆಚ್ಚಿದ್ದ ದಿನ ನಾನು ಹೊತ್ತಿಗೆ ಸರಿಯಾಗಿ ಉಂಡಿರುತ್ತಿರಲಿಲ್ಲ, ಕಣ್ಣು ಪಿಳುಕಿಸದೆ ಕೂತಿರುತ್ತಿದ್ದೆ ಎಂಬುದು ಅವರ ಲೆಕ್ಕಕ್ಕೆ ಬರಲಿಲ್ಲ. ನನ್ನ ಲೆಕ್ಕಕ್ಕೂ ಬರಲಿಲ್ಲ ಅನ್ನಿ. ಅತ್ತೆ ದುಡಿಯುವ ಹೆಂಗಸು. ಮಾವ ಸತ್ತ ಮೇಲೆ ಮಗ್ಗ ಮಾರದೆ ಮನೆ ನಿಲ್ಲಿಸಿದವರು. ಯಾವಾಗ ನೋಡಿದರೂ ಹಳೆಯ ಸೀರೆಯ ಅಂಚೊಂದನ್ನು ಹರಿದು ಹಣೆಗೆ ಬಿಗಿಯಾಗಿ ಕಟ್ಟಿ, ಅದರ ಮೇಲೆ ಸೆರಗು ಹೊದ್ದಿರುತ್ತಿದ್ದರು. ಹತ್ತಿಯ ಧೂಳು ಕೂದಲಿಗೆ ಕೂರಬಾರದು ಎಂದು ಕಾರಣ ಹೇಳುತ್ತಿದ್ದರು. ಅದನ್ನು ನಾನು ನಂಬಿದ್ದೆ.

ಔಷಧ ಮಾಡಿಸಲಿಲ್ಲ ಎಂದು ಮಾತ್ರ ನಾನು ಹೇಳಲಾರೆ. ಊರಿನವರೆಲ್ಲ ಡಾಕ್ಟರಾದರು. ಸೂರ್ಯ ಏರುವ ಮೊದಲು ಹಾಲಿನಲ್ಲಿ ಜಿಲೇಬಿ ನೆನೆಸಿ ತಿನ್ನು ಎಂದರು. ತಿಂದೆ, ದಪ್ಪಗಾದೆ. ತುಂಬೆಯ ಸೊಪ್ಪಿನ ರಸ ಮೂಗಿಗೆ ಹಿಂಡಿದರು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿದು ನೋವಿನ ಜೊತೆ ನೆಗಡಿಯೂ ಬಂತು. ಅರೆತಲೆಶೂಲೆ ಸೂರ್ಯನ ಜೊತೆ ಏರಿ ಸೂರ್ಯನ ಜೊತೆ ಇಳಿಯುತ್ತದೆ ಎಂದು ತಿಳಿದವರು ಹೇಳಿದರು. ನನ್ನದಕ್ಕೆ ಅಂಥ ಶಿಸ್ತೇನೂ ಇರಲಿಲ್ಲ, ತನಗೆ ತೋಚಿದ ಹೊತ್ತಿಗೆ ಬಂದು ತೋಚಿದ ಹೊತ್ತಿಗೆ ಹೋಗುತ್ತಿತ್ತು. ಮುಧೋಳದಲ್ಲಿ ಕಣ್ಣು ಪರೀಕ್ಷೆ ಮಾಡಿಸಿ ಚಷ್ಮಾ ಹಾಕಿಸಿದರು. ಚಷ್ಮಾದಿಂದ ಎಳೆಗಳು ಸ್ಪಷ್ಟ ಕಂಡವು, ನೋವೂ ಸ್ಪಷ್ಟವಾಗಿಯೇ ಬಂತು.

ಕಡೆಗೆ ನಾನೇ ದಾರಿ ಕಂಡುಕೊಂಡೆ. ಔಷಧದ ಅಂಗಡಿಯಿಂದ ನೋವಿನ ಗುಳಿಗೆಯ ಪಟ್ಟಿ ತಂದು ಕುಪ್ಪಸದಲ್ಲಿ ಇಟ್ಟುಕೊಳ್ಳತೊಡಗಿದೆ. ಹೊಸ ಬೀಮು ಏರುತ್ತದೆ ಅಂದ ಕೂಡಲೇ, ನೋವು ಬರುವ ಮೊದಲೇ, ಒಂದು ನುಂಗಿ ಕೂರುವುದು. ಮೊದಮೊದಲು ಅದು ನಡೆಯಿತು. ಆಮೇಲೆ ಒಂದರ ಜಾಗಕ್ಕೆ ಎರಡು ಬೇಕಾದವು. ಆಮೇಲೆ ಬೀಮು ಏರದ ದಿನವೂ ಬೇಕಾದವು. ಬರಬರುತ್ತ ತಲೆ ನೋಯದ ದಿನ ಯಾವುದು ಎಂದು ಹುಡುಕುವ ಸ್ಥಿತಿ ಬಂತು.

ಆಗ ಅತ್ತೆ ಬರೆ ಹಾಕಿಸುವ ಮಾತು ತೆಗೆದರು. ಹೊಳೆಯ ಆಚೆಗಿನ ಒಂದು ಹಳ್ಳಿಯಲ್ಲಿ ಒಬ್ಬ ಮುದುಕ ಅಮಾವಾಸ್ಯೆಯ ದಿನ ಕಬ್ಬಿಣ ಕಾಸಿ ಕಣತಲೆಯ ಮೇಲೆ, ಕಣ್ಣಿನ ಪಕ್ಕದಲ್ಲಿ, ಮುಟ್ಟಿಸುತ್ತಾನೆ. ಮುಟ್ಟಿಸಿಕೊಂಡವರಾರೂ ಮತ್ತೆ ತಲೆನೋವು ಎಂದು ಅಂದದ್ದಿಲ್ಲವಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತು ಕೇಳಿದ್ದೆ. ಇಲ್ಲಿ ಎತ್ತೂ ನಾನೇ, ಎಮ್ಮೆಯೂ ನಾನೇ. ಒಲ್ಲೆ ಎಂದೆ. ಗಂಡ ಮಗ್ಗದ ಎಣ್ಣೆ ಒರೆಸುತ್ತ ನನ್ನ ಕಡೆಗೂ ನೋಡಲಿಲ್ಲ, ತಾಯಿಯ ಕಡೆಗೂ ನೋಡಲಿಲ್ಲ. ಆತ ಕೆಟ್ಟವನಲ್ಲ. ಇಬ್ಬರು ಹೆಂಗಸರ ನಡುವೆ ಮಾತಾಡುವುದಕ್ಕಿಂತ ಎಣ್ಣೆ ಒರೆಸುವುದು ಹಗುರು ಎಂದು ಕಲಿತವನು. ಬರುವ ಅಮಾವಾಸ್ಯೆಗೆ ಹೋಗುವುದು ಎಂದು ಅತ್ತೆಯೇ ನಿಕ್ಕಿ ಮಾಡಿಬಿಟ್ಟರು.

ಅಮಾವಾಸ್ಯೆಯ ಹಿಂದಿನ ದಿನ ಹೊಸ ಬೀಮು ಏರಿತ್ತು. ಬೆಳಗಿನಿಂದ ಕೆಚ್ಚಲು ಕೂತವಳಿಗೆ ಮಧ್ಯಾಹ್ನದ ಹೊತ್ತಿಗೆ ಕಣ್ಣಿನ ಅಂಚಿಗೆ ಆ ಹಲ್ಲಿನ ಬೆಳಕು ಎದ್ದಿತು. ಗುಳಿಗೆ ನುಂಗಿದೆ, ಹೊರಬಂತು. ಇನ್ನೊಂದು ನುಂಗಿದೆ, ಅದೂ ಹೊರಬಂತು. ಬಚ್ಚಲಿನ ಕಲ್ಲಿಗೆ ಹಣೆ ಒತ್ತಿ ಕೂತಿದ್ದೆ, ತಂಪೆಂದು. ಉಳಿದ ಮಗ್ಗಗಳ ಸದ್ದು ಆ ಕಲ್ಲಿನೊಳಗಿಂದಲೂ ಬರುತ್ತಿತ್ತು. ಹಿಂದಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆ ಅಲ್ಲಿಂದಲೇ, ಎದ್ದು ಉಳಿದ ಎಳೆ ಮುಗಿಸು, ನಾಳೆ ಬರೆ ಬಿದ್ದರೆ ಎಲ್ಲಾ ಹಸನಾಗುತ್ತದೆ ಎಂದು ಕೂಗಿದರು.

ಎದ್ದೆ. ಪಡಸಾಲೆಗೆ ಹೋದೆ. ಎಳೆಗಳ ಕಡೆ ಹೋಗಲಿಲ್ಲ. ಗೋಡೆ ಹಿಡಿದು ನಡೆದು ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಕೆಳಗೆ ಎಳೆದೆ.

ಮಗ್ಗಗಳು ನಿಂತವು. ಗಂಡ ಕೈಯಲ್ಲಿ ಲಾಳಿ ಹಿಡಿದು ಬಾಯಿ ತೆರೆದು ನೋಡಿದ. ಅವನು ಏನಾದರೂ ಹೇಳುವುದರೊಳಗೆ ಎಡಗಡೆಯ ಮನೆಯ ಮಗ್ಗ ನಿಂತಿತು. ಆಮೇಲೆ ಎದುರು ಮನೆಯದು. ಆಮೇಲೆ ಅದರಾಚೆಯದು, ಅದರಾಚೆಯದು. ಸುಮ್ಮನಾಗುವುದು ಓಣಿಯ ತುದಿಯವರೆಗೆ ಹೋಗುವುದನ್ನು ನಾನು ಕಿವಿಯಾರೆ ಕೇಳಿದೆ. ಏನು ಮಾಡಿಬಿಟ್ಟೆ ಎಂದು ನನಗೆ ಹೊಳೆದದ್ದು ಆಗ. ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ನೋವಿನ ಹೊತ್ತಿಗೆ ನನಗೆ ಸಿಕ್ಕ ಮೊದಲ ತಂಪು ಅದು.

ಗಂಡಸರು ಸಾವಿನ ಮನೆಗೆ ಬರುವಂತೆ ತಲೆಗೆ ಟವೆಲ್ ಹಾಕಿಕೊಂಡು ಅಂಗಳಕ್ಕೆ ಬಂದರು. ನಮ್ಮ ಮನೆಯಲ್ಲಿ ಹೋಗುವ ವಯಸ್ಸಿನವರು ಅತ್ತೆಯೊಬ್ಬರೇ, ಆದ್ದರಿಂದ ಯಾರೂ ಏನೂ ಕೇಳಲಿಲ್ಲ. ಎದುರು ಮನೆಯಾಕೆ ಹೊಸ್ತಿಲ ಹತ್ತಿರ ಕೂತು ಎದೆ ಬಡಿದುಕೊಂಡು ಅಳಲು ಶುರುಮಾಡಿದಳು. ಎಂಥಾ ಹೆಣ್ಣಾಗಿದ್ದೆ ನಮ್ಮವ್ವಾ, ಒಂದು ದಿನ ಜಡ್ಡು ಅಂತ ಮಲಗಲಿಲ್ಲವಲ್ಲೇ ನಮ್ಮವ್ವಾ, ಕೂತಾಗ ನಿಂತಾಗ ದುಡಿದೆಯಲ್ಲೇ ನಮ್ಮವ್ವಾ ಎಂದು ಅತ್ತೆಯ ಗುಣಗಳನ್ನೆಲ್ಲ ರಾಗವಾಗಿ ಹಾಡತೊಡಗಿದಳು. ಅತ್ತೆಗೂ ಮಗ್ಗ ನಿಂತದ್ದು ಕೇಳಿತ್ತು. ಓಣಿಯಲ್ಲಿ ಯಾರೋ ಹೋದರೆಂದು ಹಿಟ್ಟಿನ ಕೈ ತೊಳೆದುಕೊಂಡು ಹೊರಗೆ ಬಂದು, ಯಾರು ಹೋದರು ಎಂದು ಅಳುವಾಕೆಯನ್ನೇ ಕೇಳಿದರು. ಆಕೆ ತಲೆಯೆತ್ತಿ ನೋಡಿ, ಅರ್ಧ ರಾಗದಲ್ಲಿ ಬಾಯಿ ತೆರೆದಂತೆಯೇ ಉಳಿದಳು.

ಎಲ್ಲರೂ ಗಂಡನ ಕಡೆ ನೋಡಿದರು. ಗಂಡ ನನ್ನ ಕಡೆ ನೋಡಿದ. ನಾನು ಕಂಬ ಹಿಡಿದು ಹೊರಗೆ ಬಂದೆ. ಬಿಸಿಲು ಕಣ್ಣಿಗೆ ಚುಚ್ಚಿತು, ಕಣ್ಣು ಮುಚ್ಚಿಕೊಂಡೇ ಮಾತಾಡಿದೆ.

“ಯಾರೂ ಸತ್ತಿಲ್ಲರಿ. ನನ್ನ ತಲಿ ನೋಯಾಕತ್ತೈತಿ, ಅದಕ್ಕ ಮಗ್ಗ ಬಂದ್ ಮಾಡೇನಿ. ಸತ್ತವರಿಗೆ ಸದ್ದು ಕೇಳಸಂಗಿಲ್ಲ. ನನಗ ಕೇಳಸತೈತಿ.”

ಯಾರೋ ನಕ್ಕರು. ಯಾರೋ ಅಪಶಕುನ ಎಂದರು. ಒಬ್ಬ ಹಿರಿಯರು, ಸುಳ್ಳು ಸಾವಿನ ಸುದ್ದಿ ಹುಟ್ಟಿದವರಿಗೆ ಆಯುಷ್ಯ ಹೆಚ್ಚುತ್ತದೆ ಎಂದು ಅತ್ತೆಗೆ ಸಮಾಧಾನ ಹೇಳಿ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. ಮಂದಿ ಚದುರಿದ ಮೇಲೆ ಓಣಿಯ ಮಗ್ಗಗಳು ಒಂದೊಂದಾಗಿ ಮತ್ತೆ ಹೊರಟವು. ನಮ್ಮ ಸ್ವಿಚ್ಚಿನ ಕೆಳಗೆ ನಾನು ಕೂತಿದ್ದೆ, ನನ್ನನ್ನು ದಾಟಿ ಯಾರೂ ಕೈ ಹಾಕಲಿಲ್ಲ. ಬರೆ ಹಾಕಿಸಿಕೊಳ್ಳುವುದಿಲ್ಲ, ಜಮಖಂಡಿಗೆ ವಾರಕ್ಕೊಮ್ಮೆ ಬರುವ ನರದ ಡಾಕ್ಟರ ಹತ್ತಿರ ಹೋಗುತ್ತೇನೆ, ಅದೂ ಆಗದಿದ್ದರೆ ಬೀಳಗಿಯ ಬಸ್ಸು ಹತ್ತುತ್ತೇನೆ ಎಂದೆ. ಅತ್ತೆಯ ಮುಖ ಕೆಂಪಾಗಿತ್ತು. ಜೀವಂತ ಇರುವಾಗಲೇ ತಮ್ಮ ಮೇಲೆ ಅಳಿಸಿದ ಸೊಸೆಯನ್ನು ಯಾವ ಅತ್ತೆ ಮುದ್ದಾಡುತ್ತಾಳೆ?

“ನಡಿ, ನಾನೂ ಬರತೇನಿ,” ಎಂದರು. “ನಿನಗೇನೂ ಆಗಿಲ್ಲ ಅಂತ ಡಾಕ್ಟರ್ ಬಾಯಿಲೇ ಹೇಳಸ್ತೇನಿ.”

ಡಾಕ್ಟರು ಬರುವ ದಿನ ಇಬ್ಬರೂ ಹೊರಟೆವು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಅತ್ತೆ ಕೂತ ಮೊದಲ ಬಸ್ಸು ಅದು. ಕಿಟಕಿಯ ಬದಿಗೆ ನನ್ನನ್ನು ಕೂರಿಸಲಿಲ್ಲ, ತಾವು ಕೂತರು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ದಾರಿಯುದ್ದಕ್ಕೂ ಹಾಡು ಹಚ್ಚಿಕೊಂಡು ಎದುರಾಗುತ್ತಿದ್ದವು. ಪ್ರತಿಯೊಂದಕ್ಕೂ ನಾನು ಹಲ್ಲು ಕಚ್ಚುತ್ತಿದ್ದೆ. ಅತ್ತೆ ಕಿಟಕಿಯ ಗಾಜು ಎಳೆದು ಮುಚ್ಚಿದರು. ಬಿಸಿಲು ಮುಖಕ್ಕೆ ಬೀಳದ ಕಡೆಗೆ ನನ್ನನ್ನು ಕೂರಿಸಿದ್ದಾರೆ ಎಂಬುದು ನನಗೆ ಆಮೇಲೆ, ಬಹಳ ಆಮೇಲೆ ತಿಳಿಯಿತು.

ಡಾಕ್ಟರು ನಡುವಯಸ್ಸಿನ ಹೆಣ್ಣುಮಗಳು. ಎದ್ದು ಕೂರಲಾಗದಂಥ ನೋವು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳಿದರು. ನಾನು ಬೀಮಿನ ಲೆಕ್ಕದಲ್ಲಿ ಹೇಳಿದೆ. ಹಸಿರು ದಡಿಯ ಬೀಮು ಇದ್ದಾಗ ಮೂರು ಸಲ, ಅದರ ಹಿಂದಿನ ಕರಿ ಬೀಮು ಅರ್ಧವಾದಾಗ ಎರಡು ಸಲ. ನಮ್ಮಲ್ಲಿ ಎಲ್ಲದಕ್ಕೂ ಅದೇ ಲೆಕ್ಕ. ಹೆರಿಗೆ, ಜಗಳ, ಮದುವೆ, ಎಲ್ಲವೂ ಯಾವುದೋ ಒಂದು ಬೀಮು ಮಗ್ಗದ ಮೇಲಿದ್ದಾಗ ಆದವು. ಡಾಕ್ಟರಿಗೆ ಬೀಮಿನ ಲೆಕ್ಕ ಗೊತ್ತಾಗಲಿಲ್ಲ. ಆಗ ಅತ್ತೆ ಬಾಯಿ ಹಾಕಿ ಅದನ್ನು ದಿನಗಳಿಗೆ ತಿರುಗಿಸಿ ಹೇಳಿದರು. ಕೆಲಸ ಕೆಟ್ಟ ಒಂದೊಂದು ದಿನವೂ ಅವರಿಗೆ ನೆನಪಿತ್ತು. ನಾನು ಮರೆತವುಗಳನ್ನೂ ಹೇಳಿದರು.

ಬರುವ ಮೊದಲು ಏನಾದರೂ ಗೊತ್ತಾಗುತ್ತದೆಯೇ ಎಂದು ಡಾಕ್ಟರು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರಿಸಿದರು. ಹಿಂದಿನ ದಿನ ಸುಮ್ಮಸುಮ್ಮನೆ ಆಕಳಿಕೆ ಬರುತ್ತದೆ, ಸಿಹಿ ತಿನ್ನಬೇಕು ಅನಿಸುತ್ತದೆ, ಕುತ್ತಿಗೆ ಬಿಗಿಯುತ್ತದೆ ಎಂದರು. ನೋವು ಹೋದ ಮೇಲೂ ಒಂದು ದಿನ ತಲೆ ಖಾಲಿ ಕೊಡದಂತೆ ಇರುತ್ತದೆ, ಕೂದಲಿಗೆ ಬಾಚಣಿಗೆ ತಾಗಿದರೂ ನೋಯುತ್ತದೆ ಎಂದರು. ನಾನು ಅವರನ್ನೇ ನೋಡಿದೆ. ಇವುಗಳಲ್ಲಿ ಒಂದು ಮಾತನ್ನೂ ನಾನು ಆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಂಬುವವರು ಯಾರು ಎಂದು ಸುಮ್ಮನಿದ್ದೆ. ಡಾಕ್ಟರು ಪೆನ್ನು ಕೆಳಗಿಟ್ಟು, ನಿಮಗೂ ಇದು ಇದೆಯಾ ಎಂದು ಅತ್ತೆಯನ್ನು ಮೆತ್ತಗೆ ಕೇಳಿದರು. ಅತ್ತೆ ಹಣೆಯ ಪಟ್ಟಿ ಸರಿಮಾಡಿಕೊಂಡು, ಅವಳಿಗೆ ಔಷಧ ಬರೆಯಿರಿ ಎಂದಷ್ಟೇ ಹೇಳಿದರು.

ಇದು ನೆವವಲ್ಲ, ರೋಗ, ಇದಕ್ಕೆ ಹೆಸರಿದೆ, ಔಷಧವಿದೆ ಎಂದು ಡಾಕ್ಟರು ಹೇಳಿದರು. ಅದನ್ನು ಅವರು ನನಗೆ ಹೇಳುವ ಬದಲು ಅತ್ತೆಗೆ ಹೇಳಿದ್ದು ನನಗೆ ಬಹಳ ಹಿಡಿಸಿತು. ಪೂರ್ತಿ ಹೋಗುತ್ತದೆ ಎಂದು ಆಸೆ ಹಚ್ಚಲಿಲ್ಲ, ಹಿಡಿತಕ್ಕೆ ತರಬಹುದು ಎಂದರು. ನನ್ನ ಕುಪ್ಪಸದ ಗುಳಿಗೆಯ ಸುದ್ದಿ ಕೇಳಿ ಮಾತ್ರ ಬೈದರು. ದಿನಾ ನುಂಗುವ ಆ ಗುಳಿಗೆಗಳೇ ಈಗ ನೋವನ್ನು ಸಾಕುತ್ತಿವೆಯಂತೆ. ನೋವಿಗೆ ನಾನೇ ಮೇವು ಹಾಕುತ್ತಿದ್ದೆ.

ಜಮಖಂಡಿಯ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಾಗ ನಿಮಗೂ ಇದೆಯೇನು ಎಂದು ನಾನು ಕೇಳಿಯೇಬಿಟ್ಟೆ. ಅತ್ತೆ ಸೆರಗು ಸರಿಸಿ ಹಣೆಯ ಪಟ್ಟಿ ಬಿಚ್ಚಿದರು. ಎರಡೂ ಕಣತಲೆಯ ಮೇಲೆ ದುಂಡಗಿನ ಕಲೆ, ಮಿರಿಮಿರಿ ಮಿಂಚುವ ಹಳೆಯ ಸುಟ್ಟ ಕಲೆ. ಪಟ್ಟಿ ಕಟ್ಟುತ್ತಿದ್ದದ್ದು ಧೂಳಿಗೂ ಅಲ್ಲ, ನೋವಿಗೆ ಮಾತ್ರವೂ ಅಲ್ಲ.

“ನಮ್ಮತ್ತಿ ಹಾಕಿಸಿದ್ದಳು,” ಎಂದರು. “ನೋವು ಹೋಗಲಿಲ್ಲವ್ವಾ. ಹೇಳೂದು ಬಿಟ್ಟೆ.”

ಬರೆಯಿಂದ ಗುಣವಾದವರೆಲ್ಲ ಹೀಗೆಯೇ ಗುಣವಾದವರು ಎಂದು ನನಗೆ ಆಗ ಗೊತ್ತಾಯಿತು. ಮತ್ತೆ ನನಗ್ಯಾಕೆ ಹಾಕಿಸಲು ಹೊರಟಿದ್ದಿರಿ ಎಂದು ಕೇಳಿದೆ. ನೀನೂ ಹೇಳುವುದು ಬಿಡುತ್ತಿದ್ದೆ, ಮನೆ ನಡೆಯುತ್ತಿತ್ತು, ನಾನು ತಾಳಿಕೊಂಡಿಲ್ಲವೇ ಎಂದರು. ಆ ಮಾತಿನಲ್ಲಿ ಕೆಟ್ಟತನವಿರಲಿಲ್ಲ, ಅದಕ್ಕೇ ನನಗೆ ಉರಿದುಹೋಯಿತು. ಅವರ ಮೇಲೆ ಸಿಟ್ಟು, ಅವರ ಅತ್ತೆಯ ಮೇಲೆ ಸಿಟ್ಟು, ಆ ಕಲೆಗಳನ್ನು ನೋಡಿ ಅಳು, ಎಲ್ಲಾ ಒಮ್ಮೆಗೇ ಬಂತು.

“ತಾಳಿಕೊಂಡಿದ್ದಕ್ಕ ನಿಮಗ ಯಾರು ಆಯೇರಿ ಮಾಡ್ಯಾರ್ರಿ ಅತ್ತಿ?” ಎಂದೆ. “ಒಂದು ಸೀರಿ ಉಡಿಸ್ಯಾರೇನ?”

ಸೀರೆ ನೇಯುವ ಮನೆಯಲ್ಲಿ ಬಾಳಿದ ಹೆಂಗಸು ಕೈಯಲ್ಲಿದ್ದ ಹಳೆಯ ಸೀರೆಯ ಆ ಅಂಚನ್ನು ನೋಡಿದರು. ಬನಹಟ್ಟಿಯ ಬಸ್ಸು ಬಂತು, ಪಟ್ಟಿ ಮತ್ತೆ ಕಟ್ಟಿಕೊಂಡು ಹತ್ತಿದರು.

ಔಷಧ ಶುರುವಾದ ಮೇಲೆ ಎಲ್ಲ ಹೂವಿನ ಹಾಸಿಗೆ ಆಗಲಿಲ್ಲ. ಹಳೆಯ ಗುಳಿಗೆ ಬಿಟ್ಟ ಮೊದಲ ವಾರಗಳಲ್ಲಿ ನೋವು ಸೇಡು ತೀರಿಸಿಕೊಂಡಿತು. ದಿನದ ಔಷಧದಿಂದ ಬಾಯಿ ಒಣಗುತ್ತಿತ್ತು, ಮುಂಜಾನೆ ಏಳಲಾಗುತ್ತಿರಲಿಲ್ಲ. ಎರಡು ಸಲ ಔಷಧ ಬದಲಾಯಿಸಬೇಕಾಯಿತು. ಆದರೆ ಬಿಡಲಿಲ್ಲ. ಬೀಮಿಗೆ ಮೂರು ಸಲ ಬರುತ್ತಿದ್ದದ್ದು ಬರಬರುತ್ತ ಒಂದಕ್ಕೆ ಇಳಿಯಿತು, ಒಂದೊಂದು ಬೀಮು ನೋವಿಲ್ಲದೆಯೂ ಮುಗಿಯಿತು. ಗಂಡ ಒಂದು ದಿನ ಹೇಳದೆ ಕೇಳದೆ ನೂಲಿಡುವ ಹಿಂದಿನ ಕೋಣೆಯನ್ನು ಖಾಲಿ ಮಾಡಿ, ಕಿಟಕಿಗೆ ಗೋಣಿಚೀಲ ಬಡಿದು ಕತ್ತಲೆ ಮಾಡಿಕೊಟ್ಟ. ಆತನಿಗೆ ಬಾಯಿಗಿಂತ ಕೈ ಚೆನ್ನಾಗಿ ಮಾತಾಡುತ್ತದೆ. ಹಲ್ಲಿನ ಬೆಳಕು ಎದ್ದ ಕೂಡಲೇ ಡಾಕ್ಟರು ಕೊಟ್ಟ ಗುಳಿಗೆ ನುಂಗಿ ಅಲ್ಲಿ ಮಲಗುತ್ತೇನೆ. ಸ್ವಿಚ್ಚು ಇಳಿಸುತ್ತೇನೆ, ನೋವು ಕರಗಿದ ಮೇಲೆ ಏರಿಸುತ್ತೇನೆ. ಓಣಿಯವರು ಮಹಾರಾಣಿ ಮಲಗಿದಳು ಎಂದರು. ಅನ್ನಲಿ. ರಾಣಿಯೂ ನಾನೇ, ನಿಂತ ಕೆಲಸ ಎದ್ದು ಮುಗಿಸುವವಳೂ ನಾನೇ.

ಅತ್ತೆ ಮಾತ್ರ ಜಮಖಂಡಿಯ ಆ ದವಾಖಾನೆಯ ಮೆಟ್ಟಿಲನ್ನು ತಮಗಾಗಿ ಹತ್ತಲಿಲ್ಲ. ನಂದೆಲ್ಲ ಮುಗಿಯಿತು ಬಿಡು ಎನ್ನುತ್ತಿದ್ದರು. ನಾನು ಹತ್ತು ಸಲ ಹೇಳಿದೆ, ಜಗಳವಾಡಿದೆ. ತಲೆ ಗಟ್ಟಿ ಇದೆಯೆಂದು ಬಂಡೆ ಹಾಯುವ ಜಾತಿ ಅವರದು.

ಈಚೆಗೆ ಒಂದು ಮಧ್ಯಾಹ್ನ ನಾನು ಕೆಚ್ಚಲು ಕೂತಿದ್ದೆ. ಮಗ್ಗಗಳ ಸದ್ದಿನ ಸಂದಿಯಲ್ಲೂ ನನ್ನ ಕಿವಿಗೆ ಬೀಳುತ್ತಿದ್ದ ಅಡುಗೆಮನೆಯ ರೊಟ್ಟಿಯ ಬಡಿತ ನಡುವೆಯೇ ನಿಂತಿತು. ಬೆಳಗಿನಿಂದ ಅತ್ತೆ ಆಕಳಿಸುತ್ತಿದ್ದದ್ದು ನೆನಪಾಗಿ ಎದ್ದು ಹೋದೆ. ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು, ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದರು. ಒಲೆ ಆರಿಸಿ, ಕೈ ಹಿಡಿದು ನನ್ನ ಕತ್ತಲೆಯ ಕೋಣೆಗೆ ಕರೆದುಕೊಂಡು ಹೋಗಿ ಮಲಗಿಸಿದೆ. ಏನೂ ಇಲ್ಲ ಎನ್ನುವ ಶಕ್ತಿಯೂ ಅವರಿಗಿರಲಿಲ್ಲ. ನಾನು ಪಡಸಾಲೆಯ ಕಡೆ ತಿರುಗಿದ್ದು ನೋಡಿ ನನ್ನ ಸೆರಗು ಹಿಡಿದರು. ಬೇಡ, ಮಂದಿ ಬರುತ್ತಾರೆ ಎಂದರು. ಬಂದರೆ ಬರಲಿ ಎಂದು ಸೆರಗು ಬಿಡಿಸಿಕೊಂಡು ಹೋಗಿ ಸ್ವಿಚ್ಚು ಇಳಿಸಿದೆ. ಗಂಡ ಲಾಳಿ ಕೆಳಗಿಟ್ಟು ಕೈ ಒರೆಸಿಕೊಂಡ.

ಯಾರೂ ಟವೆಲ್ ಹಾಕಿಕೊಂಡು ಬರಲಿಲ್ಲ. ಎದುರು ಮನೆಯಾಕೆ, ಅವತ್ತು ಎದೆ ಬಡಿದುಕೊಂಡು ಅತ್ತವಳು, ಹೊಸ್ತಿಲವರೆಗೆ ಬಂದು ಒಳಗೆ ಇಣುಕಿ ಪಿಸುಮಾತಿನಲ್ಲಿ ಕೇಳಿದಳು.

“ಯಾರ ತಲಿ? ನಿಂದೋ, ಅತ್ತಿದೋ?”

ಅತ್ತೆಯದು ಎಂದೆ. ತಲೆಯಾಡಿಸಿ ಹೋದಳು. ಸ್ವಲ್ಪ ಹೊತ್ತಿಗೆ ಅವಳ ಮನೆಯ ಮಗ್ಗ ನಿಂತಿತು. ನಾನು ಕೇಳಿರಲಿಲ್ಲ. ಆಮೇಲೆ ಎಡಗಡೆಯ ಮನೆಯದೂ ನಿಂತಿತು. ಓಣಿಯ ಆ ತುದಿಯವರು ನಿಲ್ಲಿಸಲಿಲ್ಲ, ಅವರದು ದೂರದಲ್ಲಿ ಮಳೆಯ ಹಾಗೆ ಕೇಳುತ್ತಿತ್ತು.

ಬಟ್ಟೆ ತಣ್ಣೀರಲ್ಲಿ ಅದ್ದಿಕೊಂಡು ಕೋಣೆಗೆ ಹೋದೆ. ಅತ್ತೆ ತಾವೇ ಹಣೆಯ ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಆ ಕಲೆಗಳ ಮೇಲೆ ಒದ್ದೆ ಬಟ್ಟೆ ಹಾಕಿದೆ. ಬರುವ ವಾರ ಜಮಖಂಡಿಗೆ ಹೋಗುವುದೇ ಎಂದು ಹೇಳತೊಡಗಿದೆ. ಅವರು ಕಣ್ಣು ತೆರೆಯದೆ ನನ್ನ ಮಣಿಕಟ್ಟು ಹಿಡಿದರು.

“ಮಗ್ಗ ನಿಂತಾವ?”

“ನಿಂತಾವ್ರಿ.”

“ನಾ ಇನ್ನ ಬದಕೇನಿ.”

“ಬದಕೀರಿ ಅತ್ತಿ.”

“ಹಂಗಾರ ಸುಮ್ಮನಿರು,” ಎಂದರು. “ಕೇಳೂಣು.”